ಬೇಕಾಗಿದ್ದಾರೆ: ಎರೆ ಹೊಲದ ನೀರು ಅಳೆಯುವವರು

ಯುರೋಪಿನ ವಿಶ್ವವಿದ್ಯಾಲಯಗಳು ಆಗಾಗ ಒಂದು ವಿಚಿತ್ರ ಹುದ್ದೆಗೆ ಅರ್ಜಿ ಕರೆಯುತ್ತವೆ. ಪೀಟ್ ಎಂಬ ಜೌಗು ನೆಲದಲ್ಲಿ ತೂತಿನ ಕೊಳವೆ ನೆಟ್ಟು, ಅದರೊಳಗೆ ನೀರು ಎಷ್ಟು ಕೆಳಗಿದೆ ಎಂದು ವರ್ಷಗಟ್ಟಲೆ ಅಳೆದು ಬರೆದಿಡಬೇಕು. ಕೆಟ್ಟ ನೆಲ ಸುಧಾರಿಸುತ್ತಿದೆಯೋ ಇಲ್ಲವೋ ಹೇಳಬೇಕು. ಇಷ್ಟಕ್ಕೆ ಪಗಾರ ಕೊಡ್ತಾರೇನ್ರಿ ಎಂದು ನಮ್ಮ ಮಕ್ತಲ್ ಕಡೆಯವರು ನಕ್ಕಾರು. ಆದರೆ ಅಂಥ ಮನುಷ್ಯ ಇವತ್ತು ತುರ್ತಾಗಿ ಬೇಕಿರುವುದು ಇಲ್ಲಿಗೇ, ಕೃಷ್ಣೆಯ ಎರಡೂ ದಂಡೆಯ ಎರೆ ಭೂಮಿಗೆ ಎಂಬುದು ನನ್ನ ಅಭಿಪ್ರಾಯ.

ಪೀಟ್ ಅಂದರೇನು? ನರ್ಸರಿಯವರು ಮೆಣಸಿನ ಸಸಿಯ ಟ್ರೇಗೆ ತುಂಬುವ ಕೊಕೊಪೀಟ್ ಎಲ್ಲರಿಗೂ ಗೊತ್ತು. ಅದು ತೆಂಗಿನ ನಾರಿನ ಪುಡಿ, ಅಸಲಿ ಪೀಟ್‌ಗೆ ಬದಲಿ. ಅಸಲಿಯದು ಸದಾ ನೀರು ನಿಂತ ಜಾಗದಲ್ಲಿ ಸೊಪ್ಪು, ಬೇರು ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರ ಪದರವಾಗಿ ಕೂತದ್ದು. ನೀಲಗಿರಿಯಲ್ಲಿ ಊಟಿಯ ಆಸುಪಾಸಿನ ಕಣಿವೆಗಳಲ್ಲಿ ಅದು ಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಆ ಮಣ್ಣನ್ನೇ ಪರೀಕ್ಷಿಸಿ, ಸಾವಿರಾರು ವರ್ಷಗಳ ಹಿಂದಿನ ಹವಾಮಾನದ ಜಾತಕ ತೆಗೆದು 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಪೀಟ್‌ನ ನೀರು ಬಸಿದರೆ ಅದು ಸತ್ತಂತೆ. ಇಂಡೋನೇಷ್ಯಾದವರು ಭತ್ತ ಬೆಳೆಯುವ ಆಸೆಗೆ ಬಿದ್ದು, 1990ರ ದಶಕದ ನಡುವಿನಲ್ಲಿ ಸುಮಾರು 10 ಲಕ್ಷ ಹೆಕ್ಟೇರ್ ಗುರಿ ಇಟ್ಟುಕೊಂಡು ಇಂಥ ನೆಲದಲ್ಲಿ ಕಾಲುವೆ ತೋಡಿದರು. ಭತ್ತ ಕೈಗೆ ಹತ್ತಲಿಲ್ಲ, 1997ರ ಬರಕ್ಕೆ ಒಣಗಿದ ನೆಲವೇ ಉರಿಯಿತು. ಆಮೇಲೆ ಅವೇ ಕಾಲುವೆಗಳಿಗೆ ಒಡ್ಡು ಕಟ್ಟಿ ನೀರು ನಿಲ್ಲಿಸುವ ಕೆಲಸ ಶುರುವಾಯಿತು.

ನಮ್ಮ ಎರೆಯದು ಇದಕ್ಕೆ ಪೂರಾ ಉಲ್ಟಾ. ಪೀಟ್ ನೀರು ಹೋದರೆ ಸಾಯುತ್ತದೆ, ಎರೆ ನೀರು ನಿಂತರೆ ಸಾಯುತ್ತದೆ. ಜಿಗುಟು ಮಣ್ಣು, ಬಸಿಯುವುದು ನಿಧಾನ. ಕಾಲುವೆ ನೀರು ಮೇಲಿಂದ ಮೇಲೆ ಬಿದ್ದಾಗ ಅಡಿಯ ನೀರು ಮೇಲೇರುತ್ತದೆ. ಏರುವಾಗ ಮಣ್ಣಿನೊಳಗಿನ ಉಪ್ಪನ್ನೂ ಕರಗಿಸಿ ತರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ನೀರು ನೆಲಮಟ್ಟದಿಂದ ಎರಡು ಮೀಟರ್ ಒಳಗೆ ಬಂತೆಂದರೆ ಎಚ್ಚರಿಕೆಯ ಗಂಟೆ ಹೊಡೆದಂತೆ.

ಇದು ಪುಸ್ತಕದ ಮಾತಲ್ಲ. ಸಿಂಧನೂರು, ಗಂಗಾವತಿ ಕಡೆ ಹೋಗಿ ನೋಡ್ರಿ. ತುಂಗಭದ್ರಾ ಕಾಲುವೆ ಮಾಡಿದ್ದು ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ಹಚ್ಚಿದ್ದು ಭತ್ತ. ಕೊನೆಯ ಭಾಗದವರಿಗೆ ನೀರು ಮುಟ್ಟಲಿಲ್ಲ, ಮೇಲಿನವರಿಗೆ ಅದೇ ನೀರು ಹೆಚ್ಚಾಯಿತು. ಆ ಅಚ್ಚುಕಟ್ಟಿನಲ್ಲಿ ಸವಳು-ಜವಳು ಆದದ್ದು ಸುಮಾರು 96 ಸಾವಿರ ಹೆಕ್ಟೇರ್ ಎಂಬುದು ಬಹುಕಾಲದಿಂದ ಹೇಳುತ್ತಿರುವ ಲೆಕ್ಕ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ನೆಲದಡಿ ತೂತಿನ ಕೊಳವೆ ಹೂತು ಉಪ್ಪುನೀರು ಬಸಿದು, ಕೆಟ್ಟ ಹೊಲ ತಿರುಗಿ ಬದುಕಿಸುವ ವಿದ್ಯೆಯನ್ನು ತೋರಿಸಿದ್ದಾರೆ. ಆದರೆ ಅದರ ಖರ್ಚು ಒಬ್ಬ ರೈತನ ಹೆಗಲಿಗೆ ಭಾರ. ಬಸಿಗಾಲುವೆ ಹತ್ತು ಜನರ ಹೊಲ ದಾಟಬೇಕು, ಹತ್ತೂ ಜನ ಒಪ್ಪಬೇಕು!

ಈಗ ನಮ್ಮ ಮಕ್ತಲ್‌ಗೆ ಬರೋಣ. ಜುರಾಲಾ ಕಟ್ಟಿದರು. ಭೀಮಾ ಏತ ನೀರಾವರಿಯಿಂದ ಸಂಗಂಬಂಡ, ಭೂತ್ಪುರ ಜಲಾಶಯ ತುಂಬಿದವು. ಜೋಳ, ತೊಗರಿ ಬಿತ್ತುತ್ತಿದ್ದ ಹೊಲಕ್ಕೆ ನೀರು ಬಂದದ್ದು ಸಣ್ಣ ಮಾತಲ್ಲ. ಮುಂಬೈ, ಪುಣೆಗೆ ಗುಳೆ ಹೋಗುತ್ತಿದ್ದ ಸೀಮೆ ಇದು. ನೀರು ಬೇಡ ಅನ್ನುವ ಮೂರ್ಖ ಯಾರೂ ಇಲ್ಲ. ಕೆಂಪು ಮಸಾರಿ ಇದ್ದವರಿಗೆ ಈ ಚಿಂತೆ ಕಡಿಮೆ, ಅದು ಬೇಗ ಬಸಿಯುತ್ತದೆ. ತಗ್ಗಿನ ಎರೆಯಲ್ಲಿ ವರ್ಷಕ್ಕೆರಡು ಭತ್ತ ಹಚ್ಚುವವರು ಮಾತ್ರ ಸಿಂಧನೂರನ್ನು ನೆನೆಯಬೇಕು.

ಅಳತೆ ಇಲ್ಲದ ಕಡೆ ವ್ಯಾಪಾರ ಹೆಂಗ ನಡೀತದೆ ಅನ್ನೋದಕ್ಕೆ ಜಿಪ್ಸಂ ಒಂದೇ ಸಾಕು. ಬೆಳ್ಳಗೆ ಕಂಡರೆ ಸಾಕು, ಚೀಲ ಹೊತ್ತು ತರುತ್ತಾರೆ. ಜಿಪ್ಸಂ ಕೆಲಸ ಮಾಡುವುದು ಸೋಡಿಯಂ ಹೆಚ್ಚಾದ ಕ್ಷಾರ ಮಣ್ಣಿನಲ್ಲಿ. ಬರೀ ಉಪ್ಪಾದರೆ, ಅಂದರೆ ವಿದ್ಯುತ್ ವಾಹಕತೆ 4ರ ಮೇಲೆ ಹೋಗಿ ರಸಸಾರ 8.5ರ ಕೆಳಗೇ ಇದ್ದರೆ, ಬೇಕಾದದ್ದು ಬಸಿಗಾಲುವೆ ಮತ್ತು ಒಳ್ಳೆ ನೀರು. ಮಾರುವ ಅಂಗಡಿಯವರೂ ಇಷ್ಟು ತಿಳಿದಿರುವುದು ಒಳ್ಳೆಯದು.

ಗಡಿಯ ತೊಡಕು ಬೇರೆಯೇ. ನಾವು ಸವಳು ಅಂದರೆ ಅವರು ಚೌಡು ಅಂತಾರೆ, ಮಣ್ಣು ಒಂದೇ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಹುಟ್ಟಿದ್ದು 2008ರಲ್ಲಿ, ಹೊಳೆ ದಾಟಿದರೆ ಬಂತು. ಸವಳಿನ ಅನುಭವ ಇರುವುದು ಆ ಬಳಗದಲ್ಲಿ. ಆದರೆ 2019ರಲ್ಲಿ ಜಿಲ್ಲೆಯಾದ ನಾರಾಯಣಪೇಟೆ ತೆಲಂಗಾಣದ ಪಾಲೆಂ ಸಂಶೋಧನಾ ಕೇಂದ್ರದ ಕಡೆ ನೋಡಬೇಕು. ಎರಡೂ ವಿಶ್ವವಿದ್ಯಾಲಯ ಕೂಡಿ, ಎರಡೂ ಭಾಷೆ ಬಲ್ಲ ಒಬ್ಬ ಸಂಶೋಧಕನನ್ನು ಇಲ್ಲಿ ಕೂಡಿಸಿದರೆ ಖರ್ಚೆಷ್ಟು ಆದೀತು? ಹಾಳಾದ ಹೊಲಗಳಿಗೆ ಕೊಳವೆ ಹೂಳುವ ಖರ್ಚಿಗಿಂತ ಖಂಡಿತ ಕಡಿಮೆ.

ಅವನು ಬರುವ ತನಕ ನಾವು ಮಾಡಬಹುದಾದ್ದು ಇಷ್ಟು. ಹೊಲದ ತಗ್ಗು ಮೂಲೆಯಲ್ಲಿ ತೂತು ಹೊಡೆದ ಪಿವಿಸಿ ಪೈಪು ಎರಡು ಮೀಟರ್‌ಗೂ ತುಸು ಹೆಚ್ಚು ಆಳಕ್ಕೆ ಇಳಿಸಿ, ಬಾಯಿಗೆ ಮುಚ್ಚಳ ಹಾಕಿ. ಅಮಾವಾಸ್ಯೆಗೆ ಹೇಗೂ ಎತ್ತು ಹೂಡುವುದಿಲ್ಲ. ಅವತ್ತು ದಾರಕ್ಕೆ ಕಲ್ಲು ಕಟ್ಟಿ ತಳದವರೆಗೆ ಬಿಟ್ಟು, ಒಣಗಿದ ದಾರದ ಉದ್ದವನ್ನು ತಾರೀಖಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ.