ಕನ್ನಡಿಯೊಳಗಿನ ಸೂರ್ಯ

ಹಾಸನದ ಕಡೆಯ ಕಾಲೇಜು ಹುಡುಗನೊಬ್ಬ ಪ್ರಶ್ನೆ ಕಳಿಸಿದ್ದಾನೆ. ಗೆಳೆಯರೆಲ್ಲ ಸೇರಿ ಕಿರುಚಿತ್ರ ಮಾಡುತ್ತಿದ್ದಾರೆ. ಗುರುದತ್ ಅವರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಗೀತಾ ದತ್ ಹಾಡಿದ ಹಾಡೊಂದಿದೆಯಲ್ಲ, ಖಾಲಿ ಸ್ಟುಡಿಯೋದ ಕತ್ತಲಲ್ಲಿ ಮೇಲಿನಿಂದ ಒಂದೇ ಒಂದು ಬೆಳಕಿನ ಕೋಲು ಇಳಿದುಬರುತ್ತದಲ್ಲ, ತಮ್ಮ ಚಿತ್ರಕ್ಕೂ ಅಂಥದ್ದೇ ಬೇಕೆಂದು ಹೊರಟರಂತೆ. ಎಲ್‌ಇಡಿ ದೀಪ ಬಾಡಿಗೆಗೆ ತಂದರು. ರಟ್ಟಿನಲ್ಲಿ ಗೇಣಗಲದ ಕಿಂಡಿ ಕೊರೆದು ದೀಪದ ಮುಂದೆ ಕಟ್ಟಿದರು. ಮನೆಯ ಹಾಲ್‌ನಲ್ಲಿ ಊದುಬತ್ತಿ ಹಚ್ಚಿ ರಾತ್ರಿಯೆಲ್ಲ ಒದ್ದಾಡಿದರು. ಕೋಲು ಮೂಡಲಿಲ್ಲ. ಎದುರುಗೋಡೆಯ ತುಂಬ ಮಂಕು ಬೆಳಕು ಹರಡಿಕೊಂಡಿತು, ಅಷ್ಟೆ. ಇನ್ನೂ ಹೆಚ್ಚು ವ್ಯಾಟ್‌ನ ದೀಪ ತರಬೇಕಿತ್ತೇ ಎಂಬುದು ಅವನ ಪ್ರಶ್ನೆ.

ಹತ್ತು ಪಟ್ಟು ವ್ಯಾಟ್ ತಂದಿದ್ದರೂ ಆಗುತ್ತಿರಲಿಲ್ಲ. ಏಕೆ ಎಂದು ಹೇಳಲು ನನಗೆ ತುಂಬ ಇಷ್ಟ, ಯಾಕೆಂದರೆ ಆ ಕೋಲನ್ನು ಇಳಿಸಿದವರು ನಮ್ಮವರೇ, ಮೈಸೂರಿನ ವಿ.ಕೆ. ಮೂರ್ತಿ.

1923ರಲ್ಲಿ ಹುಟ್ಟಿದ ಮೂರ್ತಿ, ಬೆಂಗಳೂರಿನಲ್ಲಿ ಇಂದು ಎಸ್‌ಜೆ ಪಾಲಿಟೆಕ್ನಿಕ್ ಎಂದು ಕರೆಯುವ ಸಂಸ್ಥೆಯಲ್ಲಿ ಕ್ಯಾಮರಾ ಕಲಿತು ಬೊಂಬಾಯಿಗೆ ಹೋದವರು. ಪಿಟೀಲು ಬಲ್ಲವರು. 'ಬಾಜಿ' ಚಿತ್ರದಲ್ಲಿ ಸಹಾಯಕರಾಗಿದ್ದಾಗ ಗುರುದತ್ ಕಣ್ಣಿಗೆ ಬಿದ್ದರು. 1952ರ 'ಜಾಲ್'ನಿಂದ ಮುಂದೆ 'ಪ್ಯಾಸಾ', 'ಕಾಗಜ್ ಕೆ ಫೂಲ್', 'ಸಾಹಿಬ್ ಬೀಬಿ ಔರ್ ಗುಲಾಮ್' ಎಲ್ಲಕ್ಕೂ ಅವರದೇ ಕ್ಯಾಮರಾ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಮೂರ್ತಿಯವರ ಬಗ್ಗೆ ಉಮಾ ರಾವ್ ಬರೆದ ಕನ್ನಡ ಪುಸ್ತಕದ ಹೆಸರೇ 'ಬಿಸಿಲು ಕೋಲು'. ಆ ಮಾತು ನನಗೆ ಬಹಳ ಹಿಡಿಸಿದೆ. ಮಲೆನಾಡಿನ ಹಳೆಯ ಅಡುಗೆಮನೆಗಳ ಮಾಡಿನಲ್ಲಿ ಒಂದೆರಡು ಗಾಜಿನ ಹೆಂಚು ಇರುತ್ತಿತ್ತು. ಬೆಳಗ್ಗೆ ಒಲೆ ಹೊಗೆಯಾಡುವ ಹೊತ್ತಿಗೆ ಅಲ್ಲಿಂದ ಬಿಸಿಲು ಓರೆಯಾಗಿ ಇಳಿದು ಮಣೆಯ ಪಕ್ಕ ನಿಲ್ಲುತ್ತಿತ್ತು. ಕೈಯಲ್ಲಿ ಹಿಡಿಯಬಹುದೇನೋ ಅನ್ನುವಷ್ಟು ಗಟ್ಟಿ ಕೋಲು.

ಮೊದಲು ಆ ಗಟ್ಟಿತನದ ವಿಷಯ. ಬೆಳಕು ಪಕ್ಕದಲ್ಲಿ ಹಾದುಹೋದರೆ ನಮಗೆ ಕಾಣುವುದಿಲ್ಲ. ಕಣ್ಣಿಗೇ ಬಂದು ಬೀಳಬೇಕು. ಕೋಲಾಗಿ ಕಾಣುವುದು ದೂಳು ಮತ್ತು ಹೊಗೆ, ಬೆಳಕನ್ನು ದಾರಿ ತಪ್ಪಿಸಿ ನಮ್ಮತ್ತ ಎಸೆಯುವ ಕಣಗಳು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿದ್ದ ಜಾನ್ ಟಿಂಡಾಲ್ 1860ರ ದಶಕದ ಕೊನೆಯಲ್ಲಿ ಇದರ ಬೆನ್ನು ಹತ್ತಿದ್ದ. ಅವನು ಮಾಡಿದ ಪೆಟ್ಟಿಗೆಯ ಕಥೆ ಸೊಗಸಾಗಿದೆ. ಒಳಗೋಡೆಗೆಲ್ಲ ಗ್ಲಿಸರಿನ್ ಸವರಿ, ಪೆಟ್ಟಿಗೆ ಮುಚ್ಚಿ ಕೆಲವು ದಿನ ಅಲುಗಾಡಿಸದೆ ಬಿಟ್ಟ. ದೂಳೆಲ್ಲ ಕೂತು ಅಂಟಿಕೊಂಡಿತು. ಆಮೇಲೆ ಪೆಟ್ಟಿಗೆಯ ಆರಪಾರ ಬೆಳಕು ಬಿಟ್ಟರೆ ಹೊರಗಿನ ಗಾಳಿಯಲ್ಲಿ ಫಳಫಳ ಹೊಳೆಯುವ ಕೋಲು ಪೆಟ್ಟಿಗೆಯೊಳಗೆ ಪೂರ್ತಿ ಮಾಯ, ಆಚೆ ಬದಿಯಲ್ಲಿ ಮತ್ತೆ ಪ್ರತ್ಯಕ್ಷ! ಆ ಪೆಟ್ಟಿಗೆಯಲ್ಲಿ ಕುದಿಸಿಟ್ಟ ಸಾರು ಕೆಡಲೇ ಇಲ್ಲ. ಕೊಳೆಸುವ ಜೀವಾಣುಗಳು ದೂಳಿನ ಜೊತೆಗೇ ಬರುತ್ತವೆ ಎಂಬ ಪಾಶ್ಚರ್‌ನ ವಾದಕ್ಕೆ ಅದರಿಂದ ಬಲ ಬಂತು. ಚಿತ್ರೀಕರಣದಲ್ಲಿ ಹೊಗೆ ಹಾಕಿಸುವ ಕ್ಯಾಮರಾಮನ್ ಟಿಂಡಾಲ್‌ನ ಪ್ರಯೋಗವನ್ನೇ ತಿರುವುಮುರುವಾಗಿ ಮಾಡುತ್ತಿರುತ್ತಾನೆ.

1908ರಲ್ಲಿ ಜರ್ಮನಿಯ ಗುಸ್ತಾವ್ ಮೀ ಇನ್ನೊಂದು ಹೆಜ್ಜೆ ಮುಂದಕ್ಕೆ ಲೆಕ್ಕ ಹಾಕಿಕೊಟ್ಟ. ಕಣವು ಬೆಳಕಿನ ತರಂಗದಷ್ಟೇ ದೊಡ್ಡದಿದ್ದರೆ, ಅಥವಾ ಅದಕ್ಕಿಂತ ದೊಡ್ಡದಿದ್ದರೆ, ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಚೆಲ್ಲುವುದಿಲ್ಲ; ಹೆಚ್ಚಿನ ಪಾಲನ್ನು ಮುಂದಕ್ಕೇ ತಳ್ಳುತ್ತದೆ. ಹೊಗೆ, ದೂಳು, ಮಂಜು ಹೆಚ್ಚುಕಡಿಮೆ ಈ ಜಾತಿಯವು. ಹಾಗಾಗಿ ಬೆಳಕು ನಮ್ಮ ಎದುರಿನಿಂದ ಬರುವಂತೆ ನಿಂತರೆ ಕೋಲು ಉಜ್ವಲ, ನಮ್ಮ ಬೆನ್ನ ಹಿಂದಿನಿಂದ ಹೋದರೆ ಪೇಲವ. ಮಳೆಯ ದೃಶ್ಯಕ್ಕೂ ಹೊಗೆಯ ದೃಶ್ಯಕ್ಕೂ ಲೈಟ್‌ಬಾಯ್‌ಗಳು ಮರುಮಾತಿಲ್ಲದೆ ಬ್ಯಾಕ್‌ಲೈಟ್ ಇಡುವುದು ಇದಕ್ಕೇ. ಮೀ ಯಾರೆಂದು ಅವರಿಗೆ ಗೊತ್ತಿರಬೇಕಾಗಿಲ್ಲ, ಕೈ ಕಲಿತಿದೆ.

ಈಗ ಹಾಸನದ ಹುಡುಗರ ರಟ್ಟಿನ ಕಿಂಡಿಗೆ ಬರೋಣ. ದೀಪ ಕಿಂಡಿಯಿಂದ ಅರ್ಧ ಮೀಟರ್ ಹಿಂದಿತ್ತು ಎಂದುಕೊಳ್ಳಿ. ಕಿಂಡಿಯಿಂದ ನಾಲ್ಕು ಮೀಟರ್ ಆಚೆ, ಅಂದರೆ ದೀಪದಿಂದ ನಾಲ್ಕೂವರೆ ಮೀಟರ್‌ನಲ್ಲಿ, ಒಂದು ಗೇಣಿನ ಬೆಳಕು ಒಂಬತ್ತು ಗೇಣಾಗಿರುತ್ತದೆ. ಅಗಲಕ್ಕೂ ಒಂಬತ್ತು, ಎತ್ತರಕ್ಕೂ ಒಂಬತ್ತು. ಕಿಂಡಿಯಲ್ಲಿದ್ದ ಪ್ರಖರತೆಯ 81ರಲ್ಲಿ ಒಂದು ಪಾಲು ಮಾತ್ರ ಅಲ್ಲಿ ಉಳಿದಿರುತ್ತದೆ. ದೊಡ್ಡ ದೀಪ ತಂದರೂ ಈ ಅನುಪಾತ ಒಂದಿಷ್ಟೂ ಬದಲಾಗದು. ಶಂಕು ಶಂಕುವೇ, ಇನ್ನಷ್ಟು ಹೊಳೆಯುವ ಶಂಕು ಸಿಗಬಹುದು, ಕೋಲು ಸಿಗುವುದಿಲ್ಲ.

ಕೋಲು ಬೇಕಾದರೆ ದೀಪ ದೂರ ಹೋಗಬೇಕು. ಎಷ್ಟು ದೂರ? ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಅಲ್ಲಿಂದ ಬಂದ ಬೆಳಕಿಗೆ ಸ್ಟುಡಿಯೋದ ಹತ್ತಿಪ್ಪತ್ತು ಮೀಟರ್ ಲೆಕ್ಕಕ್ಕೇ ಇಲ್ಲ. ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ ಮಾತ್ರವಾದ್ದರಿಂದ ಅವನ ಕಿರಣಗಳು ಹರಡುವುದೂ ಅಷ್ಟೇ: ನಾಲ್ಕು ಮೀಟರ್ ಸಾಗಿದರೆ ನಾಲ್ಕು ಸೆಂಟಿಮೀಟರ್‌ಗಿಂತ ಕಡಿಮೆ, ಹತ್ತು ಮೀಟರ್ ಸಾಗಿದರೆ ಒಂಬತ್ತು ಸೆಂಟಿಮೀಟರ್ ಚಿಲ್ಲರೆ.

ಮೂರ್ತಿಯವರು ಆ ದೃಶ್ಯಕ್ಕೆ ಸೂರ್ಯನನ್ನೇ ಒಳಗೆ ಕರೆದರು. ಹೊರಗೊಂದು ದೊಡ್ಡ ಕನ್ನಡಿ, ಒಳಗೆ ಎತ್ತರದಲ್ಲಿ ಇನ್ನೊಂದು. ಹೊರಗಿನದು ಬಿಸಿಲನ್ನು ಹಿಡಿದು ಒಳಗಿನದಕ್ಕೆ ಕೊಟ್ಟಿತು, ಒಳಗಿನದು ಅದನ್ನು ಕೆಳಕ್ಕೆ ಇಳಿಸಿತು. ಕನ್ನಡಿ ಸೂರ್ಯನನ್ನು ಹತ್ತಿರ ತರುವುದಿಲ್ಲ ಎಂಬುದೇ ಈ ಉಪಾಯದ ಜೀವಾಳ. ಕನ್ನಡಿಯೊಳಗಿನ ಸೂರ್ಯನೂ 15 ಕೋಟಿ ಕಿಲೋಮೀಟರ್ ಆಚೆಗೇ ಇರುತ್ತಾನೆ. ದಿಕ್ಕು ಬದಲಾಗುತ್ತದೆ, ದೂರ ಬದಲಾಗುವುದಿಲ್ಲ. ಎರಡು ಕನ್ನಡಿಗಳಲ್ಲಿ ಒಂದಿಷ್ಟು ಬೆಳಕು ಸೋರಿದರೂ ಉಳಿದದ್ದು ಧಾರಾಳ. 'ಕಾಗಜ್ ಕೆ ಫೂಲ್' 1959ರದು, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಆ ಕಾಲದ ಫಿಲ್ಮಿಗೂ ಲೆನ್ಸಿಗೂ ಬೆಳಕಿನ ಹಸಿವು ಇವತ್ತಿಗಿಂತ ಎಷ್ಟೋ ಹೆಚ್ಚು.

ಇಂಥ ಬೆಳಕಿನಿಂದ ನೋಡುವವರ ಮನಸ್ಸಿಗೆ ಏನಾಯಿತು? ದೃಶ್ಯವನ್ನು ನೆನಪಿಸಿಕೊಳ್ಳಿ. ನಿರ್ದೇಶಕನಾಗಿ ಗುರುದತ್, ನಟಿಯಾಗಿ ವಹೀದಾ ರೆಹಮಾನ್. ಇಬ್ಬರೂ ದೂರ ದೂರ ನಿಂತಿದ್ದಾರೆ. ದೇಹಗಳು ನಿಂತಲ್ಲೇ ನಿಲ್ಲುತ್ತವೆ, ಅವುಗಳಿಂದ ನೆರಳಿನಂಥ ರೂಪಗಳು ಎದ್ದು ನಡೆದು ಆ ಕೋಲಿನಲ್ಲಿ ಒಂದಾಗುತ್ತವೆ. ಹತ್ತಿರದ ದೀಪದ ಕೆಳಗೆ ಇದು ನಡೆದಿದ್ದರೆ ಅವರು ದೀಪದತ್ತ ಬಂದಂತೆ ಮುಖ ಏಕಾಏಕಿ ಬೆಳಗುತ್ತಿತ್ತು: ದೀಪದಿಂದ ಮೂರು ಮೀಟರ್ ದೂರವಿದ್ದವನು ಎರಡು ಮೀಟರಿಗೆ ಬಂದರೆ ಬೆಳಕು ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ತಲೆ ಬೆಳಕಲ್ಲಿ, ಪಾದ ಮಂಕಲ್ಲಿ. ದೀಪ ಇಲ್ಲೇ ಎಲ್ಲೋ ಇದೆ, ನಾವೊಂದು ಕೋಣೆಯಲ್ಲಿದ್ದೇವೆ ಎಂದು ಕಣ್ಣು ತಟ್ಟನೆ ತಿಳಿಯುತ್ತದೆ. ಮೂರ್ತಿಯವರ ಕೋಲಿನಲ್ಲಿ ತಲೆಯಿಂದ ಪಾದದವರೆಗೂ ಒಂದೇ ಬೆಳಕು. ಅದು ಈ ಕೋಣೆಯದಲ್ಲ ಎಂದು ಕಣ್ಣು ನಂಬುತ್ತದೆ. ಅವರಿಬ್ಬರಿಗೆ ಈ ಲೋಕದಲ್ಲಿ ಜಾಗವಿಲ್ಲ ಎಂಬ ಮಾತನ್ನು ಯಾವ ಪಾತ್ರವೂ ಆಡಬೇಕಾಗಿ ಬರಲಿಲ್ಲ; ಆ ಬೆಳಕು ಹೊರಟ ದೂರವೇ ಅದನ್ನು ಹೇಳಿತು. ಚಿತ್ರ ಆಗ ಸೋತಿತು. ಆ ಕೋಲು ಮಾತ್ರ ಇನ್ನೂ ನಿಂತಿದೆ.

ಬೆಳಕಿನ ಭಾವವೆಂದರೆ ಬಣ್ಣ ಎಂದು ಈಗಿನ ಜಾಹೀರಾತುಗಳೂ ಕಲಿಕಾ ವಿಡಿಯೋಗಳೂ ಹೇಳುತ್ತವೆ. ನೀಲಿಗೆ ದುಃಖ, ಕೆಂಪಿಗೆ ಕೋಪ, ಒಂದು ಬಟನ್ ಒತ್ತಿದರೆ 'ಸಿನಿಮ್ಯಾಟಿಕ್' ಎಂಬಂಥ ಪಟ್ಟಿಗಳು. ನಾನು ಇವನ್ನು ನಂಬುವುದಿಲ್ಲ. ಮೂರ್ತಿಯವರ ಕೋಲಿಗೆ ಬಣ್ಣವೇ ಇರಲಿಲ್ಲ, ಚಿತ್ರ ಕಪ್ಪು-ಬಿಳುಪಿನದು. ದೀಪದ ದೂರ, ಗಾತ್ರ, ದಿಕ್ಕು, ಈ ಮೂರನ್ನು ನೋಡದೆ ಬಣ್ಣ ಬಳಿಯುವುದು ಉಪ್ಪು ಹಾಕದ ಸಾರಿಗೆ ಒಗ್ಗರಣೆ ಕೊಟ್ಟ ಹಾಗೆ.

ಗಾತ್ರದ ಮಹಿಮೆ ತಿಳಿಯಲು ಸತ್ಯಜಿತ್ ರಾಯ್ ಅವರ 'ಅಪರಾಜಿತೊ' ನೋಡಬೇಕು. 1956ರ ಚಿತ್ರ. ಕಾಶಿಯಲ್ಲಿ ಕಥೆಯ ಹರಿಹರನ ಸಂಸಾರ ಇರುವ ಮನೆಯ ಒಳಾಂಗಳವನ್ನು ಕಲ್ಕತ್ತದ ಸ್ಟುಡಿಯೋದಲ್ಲಿ ಕಟ್ಟಿದ್ದರು. ಅಂಥ ಅಂಗಳದ ಬೆಳಕು ನಮಗೆ ಚೆನ್ನಾಗಿ ಗೊತ್ತು, ನಮ್ಮ ತೊಟ್ಟಿಮನೆಗಳಲ್ಲೂ ಅದೇ. ಸೂರ್ಯ ನೇರ ಇಣುಕುವುದು ಸ್ವಲ್ಪ ಹೊತ್ತು. ಉಳಿದ ಹೊತ್ತೆಲ್ಲ ತೊಟ್ಟಿಯ ಮೇಲಿನ ಆಕಾಶದ ತುಂಡೇ ದೀಪ. ಅಷ್ಟಗಲದ ದೀಪದ ಕೆಳಗೆ ಕೂತ ಹೆಂಗಸಿನ ಮುಖದಲ್ಲಿ ಗೆರೆ ಕೊರೆದಂಥ ನೆರಳು ಬೀಳುವುದಿಲ್ಲ, ಮೂಗಿನ ಪಕ್ಕದ ನೆರಳೂ ಮೆಲ್ಲಗೆ ಕರಗಿಹೋಗುತ್ತದೆ. ಸ್ಟುಡಿಯೋದ ದೀಪಗಳೋ ಅಂಗೈಯಗಲದವು. ಒಂದೊಂದೂ ಒಂದೊಂದು ನೆರಳು ಕತ್ತರಿಸಿಡುತ್ತದೆ. ಛಾಯಾಗ್ರಾಹಕ ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿ ಬಟ್ಟೆ ಬಿಗಿಸಿ, ದೀಪಗಳನ್ನೆಲ್ಲ ಬಟ್ಟೆಯತ್ತ ತಿರುಗಿಸಿಬಿಟ್ಟರು. ಬಟ್ಟೆಗೆ ಬಡಿದು ವಾಪಸು ಬಿದ್ದ ಬೆಳಕಿಗೆ ದೀಪದ ಗಾತ್ರ ಹೋಗಿ ಬಟ್ಟೆಯ ಗಾತ್ರ ಬಂತು. ಆಕಾಶವನ್ನೇ ನೇಯ್ದು ಹಾಸಿದಂತಾಯಿತು. ಇಂದು ಕನ್ನಡ ಸೀರಿಯಲ್ಲಿನ ಸೆಟ್ಟಿನಲ್ಲೂ ಬಿಳಿ ಥರ್ಮೋಕೋಲ್ ಹಿಡಿದು ನಿಂತ ಹುಡುಗ ಕಾಣುತ್ತಾನೆ; ಅವನ ಕೈಯಲ್ಲಿರುವುದು ಅದೇ ಬಟ್ಟೆಯ ವಂಶದ್ದು.

ಇನ್ನು ದಿಕ್ಕು. ಖಳನ ಮುಖಕ್ಕೆ ಕೆಳಗಿನಿಂದ ಬೆಳಕು ಬಿಟ್ಟರೆ ಹೆದರಿಕೆ ಹುಟ್ಟುವುದೇಕೆ? ಬೆಳಕು ಮೇಲಿನಿಂದಲೇ ಬರುತ್ತದೆ ಎಂದು ನಮ್ಮ ಮಿದುಳು ಗಟ್ಟಿಯಾಗಿ ನಂಬಿಕೊಂಡಿದೆ. ಒಂದೇ ಕೆತ್ತನೆ ಬೆಳಕಿಗೆ ತಕ್ಕಂತೆ ಒಮ್ಮೆ ಉಬ್ಬಾಗಿ, ಒಮ್ಮೆ ತಗ್ಗಾಗಿ ಕಾಣುವುದನ್ನು ವಿಜ್ಞಾನಿ ಡೇವಿಡ್ ಬ್ರೂಸ್ಟರ್ 1820ರ ದಶಕದಲ್ಲೇ ಬರೆದಿದ್ದ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮಿದುಳು ವಿಜ್ಞಾನಿ ವಿ.ಎಸ್. ರಾಮಚಂದ್ರನ್ 1988ರಲ್ಲಿ ಅದನ್ನು ಬರೀ ವೃತ್ತಗಳಿಂದ ತೋರಿಸಿದರು. ಮೇಲರ್ಧ ಬಿಳಿ, ಕೆಳಗೆ ಹೋದಂತೆ ಕಪ್ಪು ಬಳಿದ ವೃತ್ತ ಉಬ್ಬಿದ ಗುಳ್ಳೆಯಂತೆ ಕಾಣುತ್ತದೆ. ಅದನ್ನೇ ತಲೆಕೆಳಗು ಮಾಡಿದರೆ ಗುಳಿ. ಇನ್ನೂ ಮಜವೆಂದರೆ, ಹಾಳೆಯನ್ನು ಹಾಗೇ ಇಟ್ಟು ನೀವು ಬಗ್ಗಿ ಕಾಲುಗಳ ಸಂದಿಯಿಂದ ನೋಡಿದರೂ ಉಬ್ಬೆಲ್ಲ ಗುಳಿಯಾಗುತ್ತವೆ. ಮಿದುಳಿಗೆ 'ಮೇಲೆ' ಅಂದರೆ ತನ್ನ ನೆತ್ತಿಯ ಕಡೆ! ಕೆಳಗಿನ ಬೆಳಕು ಮುಖದಲ್ಲಿ ಮಾಡುವುದೂ ಇದೇ ಕೆಲಸ. ಹುಬ್ಬಿನ ಕೆಳಗೆ, ಗಲ್ಲದ ಕೆಳಗೆ ಇರಬೇಕಾದ ನೆರಳು ಬೆಳಗುತ್ತದೆ, ಬೆಳಗಬೇಕಾದ್ದು ಕಪ್ಪಾಗುತ್ತದೆ. ಪರಿಚಿತ ಮುಖವೂ ಗುರುತು ಸಿಗದಂತೆ ಆಗುತ್ತದೆ.

ಹಾಗೆಂದು ಕೆಳಗಿನ ಬೆಳಕೆಂದರೆ ದುಷ್ಟತನ ಎಂದು ಸೂತ್ರ ಮಾಡಿಕೊಳ್ಳಬೇಡಿ. ಒಲೆಯ ಮುಂದೆ ಕೂತ ಅಜ್ಜಿಯ ಮುಖಕ್ಕೂ ಬೆಳಕು ಕೆಳಗಿನಿಂದಲೇ ಬೀಳುತ್ತಿತ್ತು, ಅದನ್ನು ನೋಡಿ ಯಾವ ಮಗುವೂ ಹೆದರಲಿಲ್ಲ. ಬೆಂಕಿ ಎಲ್ಲಿದೆಯೆಂದು ಮಗುವಿಗೆ ಕಾಣುತ್ತದೆ. ಬೆಳಕಿನ ಮೂಲ ಕಾಣದೆ ಹೋದಾಗಲೇ ಭಯ. ನೇರ ನೆತ್ತಿಯ ಬೆಳಕೂ ಸೌಮ್ಯವೇನಲ್ಲ. 1972ರ 'ದಿ ಗಾಡ್‌ಫಾದರ್'ನಲ್ಲಿ ಗಾರ್ಡನ್ ವಿಲ್ಲಿಸ್ ಟಾಪ್ ಲೈಟ್ ಇಟ್ಟು ಡಾನ್ ಪಾತ್ರದ ಮಾರ್ಲನ್ ಬ್ರಾಂಡೊ ಕಣ್ಣುಗಳನ್ನು ಹುಬ್ಬಿನ ನೆರಳಲ್ಲಿ ಮುಳುಗಿಸಿದರು. ಎದುರಿಗೆ ಕೂತವನ ಕಣ್ಣು ಕಾಣದಿದ್ದರೆ ಅವನ ಮನಸ್ಸಿನಲ್ಲಿರುವುದು ತಿಳಿಯುವುದಿಲ್ಲ, ಡಾನ್‌ನ ಶಕ್ತಿಯಿರುವುದು ಅಲ್ಲೇ.

ಹಾಸನದ ಗೆಳೆಯರಿಗೆ ಈಗ ನನ್ನ ಉತ್ತರ. ದೀಪ ವಾಪಸು ಕೊಡಿ. ಬಿಳಿ ಸುಣ್ಣ ಬಳಿದ ಹಾಲ್ ಬೇಡ. ಗೋಡೆಗೆ ಬಿದ್ದ ಬೆಳಕು ತಿರುಗಿ ಕೋಣೆ ತುಂಬಿ ಕತ್ತಲನ್ನು ಕೆಡಿಸುತ್ತದೆ, ಹಿನ್ನೆಲೆ ಕಪ್ಪಿಲ್ಲದಿದ್ದರೆ ಕೋಲು ಎದ್ದು ಕಾಣದು. ಹಳೆಯ ಉಗ್ರಾಣವೋ ಭತ್ತದ ಮಿಲ್ಲೋ ಹುಡುಕಿ. ಊದುಬತ್ತಿಯ ಹೊಗೆ ಎಳೆ ಎಳೆಯಾಗಿ ಏಳುತ್ತದೆ, ಲೋಬಾನ ಹಾಕಿ ಬೀಸಣಿಗೆಯಿಂದ ಹರಡಿ, ಹೊಗೆ ಕೋಣೆಯೆಲ್ಲ ಸಮನಾಗಿ ನಿಲ್ಲುವವರೆಗೆ ಕಾಯಿರಿ. ಕ್ಯಾಮರಾವನ್ನು ಕೋಲು ತನ್ನತ್ತ ಓರೆಯಾಗಿ ಬರುವ ಕಡೆ ಇಡಿ. ಬೀರುವಿನ ನಿಲುಗನ್ನಡಿಯೊಂದು ಹೊರಗೆ ಬಿಸಿಲಿಗೆ, ಇನ್ನೊಂದು ಒಳಗೆ ಅಟ್ಟದ ಮೇಲೆ. ಕನ್ನಡಿಯಲ್ಲಿನ ಸೂರ್ಯನನ್ನು ಯಾರೂ ನೇರವಾಗಿ ನೋಡಬಾರದು, ನಟರಂತೂ ಕಣ್ಣೆತ್ತಲೇಬಾರದು.

ಮತ್ತೊಂದು ಮಾತು. ಆಕಾಶದಲ್ಲಿ ಸೂರ್ಯ ಗಂಟೆಗೆ ಹತ್ತಿರ ಹತ್ತಿರ 15 ಡಿಗ್ರಿ, ಅಂದರೆ ನಾಲ್ಕು ನಿಮಿಷಕ್ಕೊಂದು ಡಿಗ್ರಿ ಸರಿಯುತ್ತಾನೆ. ಕನ್ನಡಿ ಅಲುಗದಿದ್ದರೆ ಹತ್ತು ಮೀಟರ್ ಆಚೆ ನಿಮ್ಮ ಕೋಲು ಅಷ್ಟರಲ್ಲಿ 17 ಸೆಂಟಿಮೀಟರ್‌ವರೆಗೂ ಜರುಗಿ, ನಾಯಕಿಯ ಮುಖ ಬಿಟ್ಟು ಭುಜದ ಮೇಲೆ ಬಿದ್ದಿರುತ್ತದೆ. ಹಾಗಾಗಿ ನಿಮ್ಮಲ್ಲಿ ಎಲ್ಲರಿಗಿಂತ ತಾಳ್ಮೆ ಇರುವವನನ್ನು ಹೊರಗಿನ ಕನ್ನಡಿಯ ಬಳಿ ನಿಲ್ಲಿಸಿ. ನಾಲ್ಕು ನಿಮಿಷಕ್ಕೆ ಅವನು ಅದನ್ನು ಅರ್ಧ ಡಿಗ್ರಿ ತಿರುಗಿಸಿದರೆ ಸಾಕು. ಕನ್ನಡಿ ತಿರುಗಿದ್ದರ ಎರಡರಷ್ಟು ಕಿರಣ ತಿರುಗುತ್ತದೆ.