ಸ್ಟ್ಯಾಮ್‌ಫರ್ಡ್, ಲಿಂಕನ್‌ಶೈರ್

ಸ್ಟ್ಯಾಮ್‌ಫರ್ಡ್ ಇಂಗ್ಲೆಂಡಿನ ಲಿಂಕನ್‌ಶೈರ್ ಕೌಂಟಿಯ ದಕ್ಷಿಣ ಅಂಚಿನಲ್ಲಿ, ವೆಲ್ಯಾಂಡ್ ನದಿಯ ದಡದಲ್ಲಿರುವ ಐತಿಹಾಸಿಕ ಸಂತೆ ಪಟ್ಟಣ. ಇದು ಲಂಡನ್ ನಗರದಿಂದ ಉತ್ತರಕ್ಕೆ ಸುಮಾರು 145 ಕಿ.ಮೀ. ದೂರದಲ್ಲಿದೆ. ಇಲ್ಲಿನ ಜನಸಂಖ್ಯೆ ಸುಮಾರು 20,000. 1967ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮೊದಲ ಸಂರಕ್ಷಣಾ ಪ್ರದೇಶವೆಂದು ಘೋಷಿತವಾದದ್ದು ಈ ಪಟ್ಟಣವೇ.

ಇತಿಹಾಸ

9ನೇ ಶತಮಾನದಲ್ಲಿ ಡೇನರ ವಶವಾದ ಸ್ಟ್ಯಾಮ್‌ಫರ್ಡ್, ಅವರ ಆಡಳಿತದ ಐದು ಪ್ರಮುಖ ಕೋಟೆಪಟ್ಟಣಗಳಲ್ಲಿ ಒಂದಾಗಿತ್ತು. ಮಧ್ಯಯುಗದಲ್ಲಿ ಉಣ್ಣೆ ಮತ್ತು ಬಟ್ಟೆಯ ವ್ಯಾಪಾರದಿಂದ ಶ್ರೀಮಂತವಾಯಿತು. ಉಣ್ಣೆ ವ್ಯಾಪಾರಿ ವಿಲಿಯಂ ಬ್ರೌನ್ 15ನೇ ಶತಮಾನದಲ್ಲಿ ಬಡ ವೃದ್ಧರಿಗಾಗಿ ಕಟ್ಟಿಸಿದ ಆಶ್ರಯಧಾಮ ಇಂದಿಗೂ ಉಳಿದಿದೆ. ಲಂಡನ್‌ನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯು ಪಟ್ಟಣದ ಮಧ್ಯದಲ್ಲೇ ಹಾದುಹೋಗುತ್ತಿದ್ದುದರಿಂದ 18ನೇ ಶತಮಾನದಲ್ಲಿ ಕುದುರೆಗಾಡಿಗಳ ತಂಗುದಾಣವಾಗಿಯೂ ಬೆಳೆಯಿತು. 1848ರಲ್ಲಿ ಇಲ್ಲಿ ರೈಲು ನಿಲ್ದಾಣ ತೆರೆದರೂ, ಉತ್ತರದ ಮುಖ್ಯ ರೈಲುಮಾರ್ಗವು ನೆರೆಯ ಪೀಟರ್‌ಬರೋ ಮೂಲಕ ಹಾದುಹೋಯಿತು. ಪೀಟರ್‌ಬರೋ ಕೈಗಾರಿಕಾ ನಗರವಾಗಿ ಬೆಳೆಯಿತು. ಸ್ಟ್ಯಾಮ್‌ಫರ್ಡ್ ಬಹುಮಟ್ಟಿಗೆ ತನ್ನ ಹಳೆಯ ರೂಪದಲ್ಲೇ ಉಳಿಯಿತು. 1960ರಲ್ಲಿ ಬೈಪಾಸ್ ರಸ್ತೆ ತೆರೆದ ಬಳಿಕ ಹೆದ್ದಾರಿಯ ವಾಹನಗಳೂ ಪಟ್ಟಣದಿಂದ ಹೊರಗೆ ಸಾಗತೊಡಗಿದವು.

ವಾಸ್ತುಶಿಲ್ಪ ಮತ್ತು ಸಂರಕ್ಷಣೆ

ಪಟ್ಟಣದಲ್ಲಿ 600ಕ್ಕೂ ಹೆಚ್ಚು ಸಂರಕ್ಷಿತ ಕಟ್ಟಡಗಳಿವೆ. ಬಹುತೇಕ ಹಳೆಯ ಮನೆಗಳ ಗೋಡೆಗಳು ಸ್ಥಳೀಯ ಸುಣ್ಣಕಲ್ಲಿನವು. ಅನೇಕ ಛಾವಣಿಗಳಿಗೆ ಸಮೀಪದ ಕಾಲಿವೆಸ್ಟನ್ ಗ್ರಾಮದ ಕಲ್ಲಿನ ಹಲಗೆಗಳನ್ನು ಹೊದಿಸಲಾಗಿದೆ. ಅಗೆದ ಕಲ್ಲನ್ನು ಚಳಿಗಾಲದ ಹಿಮಕ್ಕೆ ಒಡ್ಡಿ, ಅದು ಪದರಪದರವಾಗಿ ಬಿರಿದ ಮೇಲೆ ಹಲಗೆಗಳನ್ನು ಬಿಡಿಸುವುದು ಅಲ್ಲಿನ ಸಾಂಪ್ರದಾಯಿಕ ವಿಧಾನ.

ನಿವಾಸಿಗಳ ಜೀವನ

ಸಂರಕ್ಷಣಾ ಕಾನೂನು ಇಲ್ಲಿನ ನಿತ್ಯಜೀವನವನ್ನೂ ನಿಯಂತ್ರಿಸುತ್ತದೆ. ಸಂರಕ್ಷಿತ ಮನೆಯಲ್ಲಿ ವಾಸಿಸುವವರು ಅದರ ಐತಿಹಾಸಿಕ ಸ್ವರೂಪಕ್ಕೆ ಧಕ್ಕೆ ತರಬಹುದಾದ ಯಾವುದೇ ಮಾರ್ಪಾಡಿಗೆ ಸೌತ್ ಕೆಸ್ಟಿವನ್ ಜಿಲ್ಲಾ ಮಂಡಳಿಯಿಂದ ಪೂರ್ವಾನುಮತಿ ಪಡೆಯಬೇಕು. ಹಳೆಯ ಮರದ ಕಿಟಕಿಯನ್ನು ತೆಗೆದು ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿ ಕೂರಿಸುವುದು ಇದಕ್ಕೆ ಒಂದು ಉದಾಹರಣೆ. ಈ ನಿಯಮವು ಹೊರಗೋಡೆಗೆ ಮಾತ್ರವಲ್ಲದೆ ಮನೆಯ ಒಳಭಾಗಕ್ಕೂ ಅನ್ವಯಿಸುತ್ತದೆ. ಅನುಮತಿಯ ಅರ್ಜಿಗೆ ಶುಲ್ಕವಿಲ್ಲ; ಆದರೆ ಅನುಮತಿಯಿಲ್ಲದೆ ಮಾಡಿದ ಬದಲಾವಣೆ ಶಿಕ್ಷಾರ್ಹ ಅಪರಾಧ. ಹಿಂದಿನ ಮಾಲೀಕರು ಮಾಡಿದ ಅಕ್ರಮ ಬದಲಾವಣೆಯನ್ನು ಸರಿಪಡಿಸುವ ಹೊಣೆ ಮನೆ ಕೊಂಡವರ ಮೇಲೂ ಬೀಳಬಹುದು. ಸಂರಕ್ಷಣಾ ಪ್ರದೇಶದಲ್ಲಿ ಮರ ಕಡಿಯಲು ಸಾಮಾನ್ಯವಾಗಿ ಆರು ವಾರ ಮುಂಚಿತವಾಗಿ ಮಂಡಳಿಗೆ ತಿಳಿಸಬೇಕಾಗುತ್ತದೆ.

ಈ ನಿರ್ಬಂಧಗಳ ನಡುವೆಯೂ ಸ್ಟ್ಯಾಮ್‌ಫರ್ಡ್ ಜನವಸತಿಯ ಊರಾಗಿಯೇ ಉಳಿದಿದೆ. ಪ್ರತಿ ಶುಕ್ರವಾರ ಬ್ರಾಡ್ ಸ್ಟ್ರೀಟ್‌ನಲ್ಲಿ ಸಂತೆ ಸೇರುತ್ತದೆ. ನದಿಯ ಪಕ್ಕದ ಹುಲ್ಲುಗಾವಲು ಸಾರ್ವಜನಿಕರ ವಿಹಾರಕ್ಕೆ ಮುಕ್ತವಾಗಿದೆ. 2005ರ 'ಪ್ರೈಡ್ ಆ್ಯಂಡ್ ಪ್ರೆಜುಡಿಸ್' ಚಲನಚಿತ್ರದ ಮೆರಿಟನ್ ಪಟ್ಟಣದ ದೃಶ್ಯಗಳನ್ನು ಇಲ್ಲಿನ ಬೀದಿಗಳಲ್ಲೇ ಚಿತ್ರೀಕರಿಸಲಾಯಿತು.