ಗಣಕಕ್ಕೂ ಒಂದು ದಿನಚರಿ

ಬೇಲೂರು, ಹಳೇಬೀಡುಗಳ ಶಾಸನಗಳನ್ನು ಗಮನಿಸಿದ್ದೀರಾ? ಕಾಲ, ಹೆಸರು, ನಡೆದ ಸಂಗತಿ - ಬಹುಪಾಲು ಇವು ಇದ್ದೇ ಇರುತ್ತವೆ. ಬೇಲೂರಿನಲ್ಲಿ ವಿಷ್ಣುವರ್ಧನ ದೇವರ ಪ್ರತಿಷ್ಠೆ ಮಾಡಿಸಿದ್ದು ೧೧೧೭ರಲ್ಲಿ ಎಂದು ನಮಗೆ ತಿಳಿದದ್ದೇ ಹೀಗೆ. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಬಂದುಹೋದ ಹೊತ್ತನ್ನು ದಾಖಲಿಸುವುದೂ ಇದೇ ಕಾರಣಕ್ಕೆ. ನಾಳೆ ಯಾರಾದರೂ "ಅಂದು ಏನಾಯಿತು?" ಎಂದರೆ ಉತ್ತರವಿರಬೇಕು.

ಯುನಿಕ್ಸ್ ಹಾಗೂ ಅದರ ಬಳಗದ ಲಿನಕ್ಸ್ ಕೂಡ ಹೀಗೆ ಬರೆದಿಡುತ್ತವೆ. ಪ್ರತಿ ಸಾಲಿನಲ್ಲೂ ವೇಳೆ, ಯಂತ್ರದ ಹೆಸರು, ಬರೆದ ಪ್ರೋಗ್ರಾಂ, ಸಂದೇಶ ಇರುತ್ತವೆ. ಈ ಕಡತವೇ 'ಲಾಗ್'. ೧೯೮೦ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ಅವರು ತಮ್ಮ 'ಸೆಂಡ್‌ಮೇಲ್' ತಂತ್ರಾಂಶಕ್ಕಾಗಿ 'ಸಿಸ್‌ಲಾಗ್' ರೂಪಿಸಿದರು. ಇದರಲ್ಲಿ ಸಂದೇಶದ ತೀವ್ರತೆಗೆ ೦ಯಿಂದ ೭ರವರೆಗೆ ಅಂಕೆಗಳಿವೆ. ಪರೀಕ್ಷೆಯ ಅಂಕಗಳಂತಲ್ಲ, ಇಲ್ಲಿ ಸೊನ್ನೆ ಬಂದರೆ ವ್ಯವಸ್ಥೆಯೇ ಕುಸಿದಿದೆ ಎಂದರ್ಥ! ೩ ದೋಷ, ೪ ಎಚ್ಚರಿಕೆ, ೬ ಬರೀ ಮಾಹಿತಿ.

ಇದನ್ನು ಓದುವುದರಿಂದ ಏನು ಲಾಭ? ಹಾರ್ಡ್ ಡಿಸ್ಕ್ ಕೈಕೊಡುವ ಮೊದಲು ಎಷ್ಟೋ ಸಲ ಲಾಗ್‌ನಲ್ಲಿ 'ಓದಲಾಗುತ್ತಿಲ್ಲ' ಎಂಬ ದೋಷದ ಸಾಲುಗಳು ಕಾಣಿಸುತ್ತವೆ. ಅದನ್ನು ನೋಡಿ ಅಂದೇ ಪ್ರತಿ ತೆಗೆದಿಟ್ಟರೆ ವರ್ಷದ ಪ್ರಾಜೆಕ್ಟ್ ಉಳಿಯುತ್ತದೆ. ತಪ್ಪು ಪಾಸ್‌ವರ್ಡ್ ಹಾಕಿ ನುಗ್ಗಲು ಯತ್ನಿಸಿದವರ ಜಾಡೂ ಅಲ್ಲೇ ಸಿಗುತ್ತದೆ. ೧೯೮೬ರಲ್ಲಿ ಬರ್ಕ್ಲಿಯ ಪ್ರಯೋಗಾಲಯವೊಂದರ ಗಣಕ ಬಳಕೆಯ ಲೆಕ್ಕದಲ್ಲಿ ೭೫ ಸೆಂಟ್ ವ್ಯತ್ಯಾಸ ಬಂತು. ಅದರ ಬೆನ್ನುಹತ್ತಿದ ಕ್ಲಿಫರ್ಡ್ ಸ್ಟೋಲ್, ಜರ್ಮನಿಯಲ್ಲಿ ಕುಳಿತಿದ್ದ ಕಳ್ಳನವರೆಗೂ ತಲುಪಿದರು.

ಆದರೆ ಡಿಸ್ಕು ಕಲ್ಲಲ್ಲ. ಅಲ್ಲಿನ ಜಾಗಕ್ಕೆ ಮಿತಿಯುಂಟು. ಲಾಗ್ ಬೆಳೆದು ಡಿಸ್ಕ್ ತುಂಬಿದರೆ ಬೇರೆ ಕೆಲಸಗಳೂ ನಿಲ್ಲುತ್ತವೆ. ಅದಕ್ಕೇ 'ಲಾಗ್‌ರೊಟೇಟ್' ಇದೆ. ಗೊತ್ತುಮಾಡಿದ ಅವಧಿಗೊಮ್ಮೆ ಹೊಸ ಕಡತ ತೆರೆದು, ಹಳೆಯದನ್ನು ಕುಗ್ಗಿಸಿಟ್ಟು, ತೀರ ಹಳೆಯದನ್ನು ಅಳಿಸುತ್ತದೆ. ಎಷ್ಟು ಕಾಲ ಇಡಬೇಕೆಂಬುದನ್ನು ನಾವೇ ತೀರ್ಮಾನಿಸಬೇಕು. ೨೦೨೨ರ ಏಪ್ರಿಲ್‌ನಲ್ಲಿ ಭಾರತದ 'ಸರ್ಟ್-ಇನ್' ಸಂಸ್ಥೆಯು ಕಂಪನಿಗಳು, ಸರ್ಕಾರಿ ಕಚೇರಿಗಳು ೧೮೦ ದಿನಗಳ ಲಾಗ್ ಇಟ್ಟಿರಬೇಕೆಂದು ಆದೇಶಿಸಿತು.

ಪೋಷಕರೇ, ಮನೆಯ ಗಣಕ ಕೆಟ್ಟಾಗ "ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಡಿ" ಎನ್ನುವ ಮೊದಲು ಸ್ವಲ್ಪ ತಾಳಿ. ವಿದ್ಯಾರ್ಥಿಗಳೇ, ಲಿನಕ್ಸ್ ಇದ್ದರೆ 'ಜರ್ನಲ್‌ಸಿಟಿಎಲ್' ಆಜ್ಞೆ ಕೊಟ್ಟು ಕೊನೆಯ ಇಪ್ಪತ್ತು ಸಾಲು ಓದಿ. ವೈದ್ಯರು ಕೂಡ ಮದ್ದು ಕೊಡುವ ಮೊದಲು ನಾಡಿ ನೋಡುತ್ತಾರಲ್ಲವೇ?